ಸೂರ್ಯನ ಆಘಾತ ಅಲೆಗಳು: ಲೆಕ್ಕ ಹಾಕುತ್ತ ಕಲಿತದ್ದು

ಸೂರ್ಯನ ಕಾಣುವ ಮೇಲ್ಮೈಯ ಮೇಲಿನ ಪದರವಾದ ವರ್ಣಗೋಳಕ್ಕೆ ಶಾಖ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ಹಿಂದೆ ಬಿದ್ದು ಹಲವು ವರ್ಷಗಳಾದವು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇಷ್ಟು.

1. ಹೊಳಪನ್ನು ಕಂಡೊಡನೆ ಬಿಸಿ ಎನ್ನಬೇಡಿ. ಸೂರ್ಯನ ರೋಹಿತದ ಕ್ಯಾಲ್ಸಿಯಂ ಕೆ ರೇಖೆಯಲ್ಲಿ ಸುಮಾರು ಮೂರು ನಿಮಿಷಕ್ಕೊಮ್ಮೆ ಬೆಳಕಿನ ಕಾಳುಗಳು ಮಿನುಗುತ್ತವೆ, ಅದೂ ನೇರಳೆ ಬದಿಯಲ್ಲಿ ಮಾತ್ರ. ಅವನ್ನು ಬಿಸಿ ಚುಕ್ಕೆಗಳೆಂದೇ ನಾನು ಮೊದಲು ತಿಳಿದಿದ್ದೆ. ನಿಜದಲ್ಲಿ, ಕೆಳಗಿನಿಂದ ಆಘಾತ ಅಲೆ ಏರುತ್ತಿರುವಾಗ, ಮೇಲಿನಿಂದ ಇಳಿಯುತ್ತಿರುವ ಅನಿಲ ಕೆಂಪು ಬದಿಯ ಬೆಳಕನ್ನು ನುಂಗುತ್ತದೆ, ಉಳಿಯುವುದು ನೇರಳೆ. ಕಾರ್ಲ್‌ಸನ್ ಮತ್ತು ಸ್ಟೈನ್ 1997ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಮೂಡಿಸಿ ತೋರಿಸಿದರು. ಈ ವಿಷಯದಲ್ಲಿ ಮೊದಲು ಓದಬೇಕಾದ ಪ್ರಬಂಧ ಅದೇ.

2. ಚಿತ್ರಗಳ ನಡುವಿನ ಅಂತರ ಎಷ್ಟು ಸೆಕೆಂಡು ಎಂದು ಮೊದಲು ನೋಡಿ. ಮೇಲೇರಿದಂತೆ ಅನಿಲ ತೆಳುವಾಗುತ್ತದೆ, ಅದೇ ಶಕ್ತಿ ಹೊತ್ತ ಅಲೆಯ ಏರಿಳಿತ ಹೆಚ್ಚುತ್ತದೆ. ಕೆಳಗೆ ಸೆಕೆಂಡಿಗೆ ಕೆಲವು ನೂರು ಮೀಟರ್ ಇದ್ದ ಅನಿಲದ ವೇಗ ವರ್ಣಗೋಳದಲ್ಲಿ ಹಲವು ಕಿಲೋಮೀಟರ್ ಆಗಿ, ಶಬ್ದದ ವೇಗಕ್ಕೆ ಸಮನಾಗುತ್ತದೆ. ಶಿಖರ ಮುನ್ನುಗ್ಗಿ ಅಲೆ ಗರಗಸದ ಹಲ್ಲಾಗುತ್ತದೆ; ಇದೇ ಆಘಾತ ಅಲೆ. ನಿಮಿಷಕ್ಕೊಂದು ಚಿತ್ರ ತೆಗೆದರೆ ಮೂರು ನಿಮಿಷದ ಅಲೆಗೆ ಸಿಗುವುದು ಮೂರೇ ಬಿಂದು. ಹಲ್ಲು ಸವೆದು ಹೋಗಿರುತ್ತದೆ.

3. ಏರಿಳಿತ ದೊಡ್ಡದಾದ ಮಾತ್ರಕ್ಕೆ ಶಕ್ತಿ ಮೇಲೆ ಹೋಯಿತೆಂದಲ್ಲ. ನಿಂತ ಅಲೆ ಏನನ್ನೂ ಸಾಗಿಸದು. ಎರಡು ಎತ್ತರಗಳಲ್ಲಿ ಅಳೆದು, ಮೇಲಿನದು ಎಷ್ಟು ತಡವಾಗಿ ಅಲುಗಿತು ಎಂದು ನೋಡಿ; ತಡವಿದ್ದರೆ ಅಲೆ ಸಾಗುತ್ತಿದೆ.

4. ಓರೆಯಾದ ಕಾಂತಕ್ಷೇತ್ರವನ್ನು ಮರೆಯಬೇಡಿ. ನೇರ ದಾರಿಯಲ್ಲಿ ಕೆಳಗೇ ತಡೆಯಾಗುವ ಐದು ನಿಮಿಷದ ಅಲೆಗಳು ಆ ಓರೆಯಲ್ಲಿ ಮೇಲಕ್ಕೆ ಸೋರುತ್ತವೆ.

5. ಕಾಣದ್ದನ್ನು ಇಲ್ಲವೆಂದು ಬರೆಯಬೇಡಿ. ಶಬ್ದದ ಅಲೆಗಳೇ ವರ್ಣಗೋಳವನ್ನು ಬಿಸಿಮಾಡುತ್ತವೆ ಎಂದು 1940ರ ದಶಕದಲ್ಲಿ ಖಗೋಳವಿಜ್ಞಾನಿಗಳಾದ ಬಿಯರ್ಮನ್, ಶ್ವಾರ್ಟ್ಸ್‌ಶಿಲ್ಡ್ ಹೇಳಿದ್ದರು. ಶಾಂತ ವರ್ಣಗೋಳ ಚದರ ಮೀಟರಿಗೆ ಸುಮಾರು 4 ಕಿಲೋವ್ಯಾಟ್ ಕಳೆದುಕೊಳ್ಳುತ್ತದೆ. ಟ್ರೇಸ್ ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದ 2005ರ ಅಧ್ಯಯನಕ್ಕೆ ಅದರಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಸಿಕ್ಕಿತು. ಆಮೇಲೆ ಇನ್ನೂ ಸೂಕ್ಷ್ಮವಾಗಿ ನೋಡಿದವರಿಗೆ ಹೆಚ್ಚು ಸಿಕ್ಕಿತು. ಸಣ್ಣ ಅಲೆಗಳು ಮಸುಕು ಚಿತ್ರದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿದ ಕೊರತೆಯನ್ನು ಕಾಂತಕ್ಷೇತ್ರ ತುಂಬುತ್ತದೆಂದು ನನ್ನ ನಂಬಿಕೆ.

ಭಾರತದ ಆದಿತ್ಯ-ಎಲ್1 ನೌಕೆಯ ಸೂಟ್ ದೂರದರ್ಶಕ ಮೆಗ್ನೀಸಿಯಂ, ಕ್ಯಾಲ್ಸಿಯಂ ರೇಖೆಗಳಲ್ಲಿ ವರ್ಣಗೋಳವನ್ನು ಚಿತ್ರಿಸುತ್ತಿದೆ. ದತ್ತಾಂಶ ಇಸ್ರೋದ ಪ್ರದಾನ್ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಎಂಎಸ್ಸಿ ಓದುತ್ತಿರುವವರು ದಯವಿಟ್ಟು ಇಳಿಸಿಕೊಂಡು ನೋಡಿ.