ಸಭೆಯಲ್ಲಿ ನನ್ನ ಕೆಲಸ ಯಾವುದು?

ಹೊಸದಾಗಿ ಸಭೆಗೆ ಸೇರಿದವರು, ದೃಢೀಕರಣದ ತರಗತಿ ಮುಗಿಸಿದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: “ನನಗೆ ಪ್ರಸಂಗ ಮಾಡಲು ಬರುವುದಿಲ್ಲ, ಹಾಡಲು ಕಂಠವಿಲ್ಲ. ನನ್ನಿಂದ ಏನು ಸೇವೆ ಆದೀತು?” ಭಾನುವಾರದ ಆರಾಧನೆಯಲ್ಲಿ ಕಣ್ಣಿಗೆ ಬೀಳುವುದಷ್ಟೇ ಸೇವೆ ಎಂಬ ಎಣಿಕೆ ಈ ಮಾತಿನೊಳಗಿದೆ. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ವಿಮೋಚನಕಾಂಡದ 31ನೇ ಅಧ್ಯಾಯ ತೆರೆಯಿರಿ. ಇಸ್ರಾಯೇಲ್ಯರು ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟಬೇಕಾಗಿದೆ. ಯೆಹೂದ ಕುಲದ ಬೆಚಲೇಲನನ್ನು ದೇವರು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸುತ್ತಾನೆ. ಯಾವ ಕೆಲಸಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಜೊತೆಗೆ ದಾನ್ ಕುಲದ ಒಹೊಲೀಯಾಬನನ್ನೂ ನೇಮಿಸುತ್ತಾನೆ. ಮೂರು ಅಧ್ಯಾಯ ಹಿಂದಕ್ಕೆ ಹೋದರೆ, ಆರೋನನ ಯಾಜಕವಸ್ತ್ರ ಹೊಲಿಯುವವರ ಜಾಣ್ಮೆಯೂ ದೇವರು ತುಂಬಿದ್ದೇ ಎಂದು ತಿಳಿಯುತ್ತದೆ. ಮುಂದೆ 35ನೇ ಅಧ್ಯಾಯದಲ್ಲಿ ಆಡಿನ ಕೂದಲು ನೂಲುವ ಹೆಂಗಸರೂ ಬರುತ್ತಾರೆ. ಆ ಇಬ್ಬರು ಕುಶಲಕರ್ಮಿಗಳಿಗೆ ಬೇರೆಯವರಿಗೆ ಕಲಿಸಿಕೊಡುವ ಮನಸ್ಸನ್ನೂ ದೇವರೇ ಕೊಟ್ಟನೆಂದು ಅದೇ ಅಧ್ಯಾಯ ಹೇಳುತ್ತದೆ. ಪಾಠ ಹೇಳುವವಳಾಗಿ ನನಗೆ ಈ ವಿವರ ಬಹಳ ಪ್ರಿಯ. ತನಗೆ ಬರುವ ಕೆಲಸವನ್ನು ಇನ್ನೊಬ್ಬರ ಕೈಗೂ ದಾಟಿಸುವುದು ವರದ ಒಂದು ಭಾಗವೇ.

ಹೊಸ ಒಡಂಬಡಿಕೆಯಲ್ಲೂ ಇಂಥವರಿದ್ದಾರೆ. ಯೊಪ್ಪದ ತಬಿಥಾ ಆಡಿದ ಒಂದು ಮಾತೂ ದಾಖಲಾಗಿಲ್ಲ. ಆಕೆ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ರೋಮಾಪುರದವರಿಗೆ ಬರೆದ ಪತ್ರವನ್ನು ಪೌಲ ಹೇಳಿದ, ಬರೆದುಕೊಂಡವನು ತೆರ್ತ್ಯ. ಕೊನೆಯ ಅಧ್ಯಾಯದಲ್ಲಿ ಅವನೂ ತನ್ನ ವಂದನೆ ಸೇರಿಸಿದ್ದಾನೆ.

ಇನ್ನು ವರಗಳ ಪಟ್ಟಿಗಳ ವಿಷಯ. ರೋಮಾಪುರದವರಿಗೆ 12, ಮೊದಲನೆಯ ಕೊರಿಂಥ 12, ಎಫೆಸ 4, ಮೊದಲನೆಯ ಪೇತ್ರ 4, ಈ ನಾಲ್ಕೂ ಕಡೆ ನೋಡಿ. ಒಂದು ಪಟ್ಟಿ ಇನ್ನೊಂದರಂತಿಲ್ಲ. ಆದ್ದರಿಂದ ಇಷ್ಟೇ ವರಗಳು ಎಂದು ಲೆಕ್ಕ ಕಟ್ಟಿ, ನಿಮ್ಮದು ಅದರಲ್ಲಿಲ್ಲವೆಂದು ಕುಗ್ಗಬೇಡಿ. ಬೋಧನೆಯ ಪಕ್ಕದಲ್ಲೇ ಧಾರಾಳವಾಗಿ ಕೊಡುವುದು, ಕರುಣೆ ತೋರಿಸುವುದು ಇವೆ. ರೋಗ ವಾಸಿಮಾಡುವ ವರದ ಪಕ್ಕದಲ್ಲಿ ಪರಸಹಾಯವೂ ಕಾರ್ಯನಿರ್ವಹಣೆಯೂ ಇವೆ. ಸಭೆಯ ಲೆಕ್ಕಪತ್ರವನ್ನು ಪೈಸೆ ತಪ್ಪದಂತೆ ಇಡುವ ಖಜಾಂಚಿ ಈ ಸಾಲಿನಲ್ಲೇ ನಿಲ್ಲುತ್ತಾರೆ ಎಂದು ನಾನು ನಂಬಿದ್ದೇನೆ.

ಕೊರಿಂಥದ ಸಭೆಯಲ್ಲಿ ಈ ವರಗಳೇ ಜಗಳಕ್ಕೆ ಕಾರಣವಾಗಿದ್ದವು. ಅನ್ಯಭಾಷೆಗಳನ್ನಾಡುವವರು ತಾವೇ ಮೇಲೆಂದುಕೊಂಡರು, ಉಳಿದವರು ತಾವು ಬೇಡವಾದವರೆಂದುಕೊಂಡರು. ಪೌಲ ದೇಹದ ಮಾತನ್ನೆತ್ತಿ ಕಣ್ಣಿಗೆ ಕೈ ಬೇಕು, ತಲೆಗೆ ಕಾಲು ಬೇಕು ಎಂದು ವಾದಿಸಿದ. ಪ್ರೀತಿಯ ಕುರಿತಾದ 13ನೇ ಅಧ್ಯಾಯವನ್ನು ನಾವು ಮದುವೆಗಳಲ್ಲಿ ಓದಿಸುತ್ತೇವೆ. ಆದರೆ ಅದು ನಿಂತಿರುವುದು ವರಗಳನ್ನು ಕುರಿತ 12 ಮತ್ತು 14ನೇ ಅಧ್ಯಾಯಗಳ ನಡುವೆ. ಮೂರನ್ನೂ ಒಟ್ಟಿಗೆ ಕೂತು ಓದಿ. ವರ ಎಷ್ಟು ದೊಡ್ಡದಿದ್ದರೂ ಪ್ರೀತಿಯಿಲ್ಲದೆ ಅದರಿಂದ ಸಭೆಗೆ ಪ್ರಯೋಜನವಿಲ್ಲ ಎಂಬುದು ಆಗ ಮನಸ್ಸಿಗೆ ನಾಟುತ್ತದೆ.

ನಮ್ಮ ಕರಾವಳಿಯ ಸಭಾಚರಿತ್ರೆಯಲ್ಲೂ ಇದಕ್ಕೆ ಸಾಕ್ಷಿಯಿದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು. ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆ ಮುದ್ರಣಾಲಯದಲ್ಲಿ ಹಿಂದೆ ದುಡಿದಿದ್ದ ಜಾರ್ಜ್ ಪ್ಲೆಬ್‌ಸ್ಟ್ ಅವರನ್ನು ನೆನೆಯುವವರು ಕಡಿಮೆ. ಅವರು ಯಂತ್ರಗಳ ಕೆಲಸ ಬಲ್ಲವರು. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಾಗಿತ್ತು. ಪ್ಲೆಬ್‌ಸ್ಟ್ ಮಂಗಳೂರಿನ ಜೇಡಿಮಣ್ಣನ್ನು ಪರೀಕ್ಷಿಸಿದರು, 1865ರಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾಯಿತು. ಅದೇ ಊರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋಗಿ ತಲೆಯೆತ್ತಿ ನೋಡಿ. ಅಲ್ಲಿನ ಚಿತ್ರಗಳನ್ನು ಬರೆದ ಇಟಲಿಯ ಅಂತೋನಿಯೊ ಮೊಸ್ಕೇನಿ ಯೇಸುಸಭೆಯ ಬ್ರದರ್, ಗುರುದೀಕ್ಷೆ ಪಡೆದವರಲ್ಲ. ಬಲಿಪೂಜೆ ಅರ್ಪಿಸುವ ಅಧಿಕಾರ ಅವರಿಗಿರಲಿಲ್ಲ. ಆದರೂ ಇಂದಿಗೂ ಅಲ್ಲಿಗೆ ಬಂದವರು ಸತ್ಯವೇದದ ಕಥೆಗಳನ್ನು ಅವರ ಕುಂಚದಿಂದಲೇ ಕಲಿಯುತ್ತಾರೆ.

ಹಾಗಾದರೆ ನಿಮ್ಮ ವರ ಯಾವುದೆಂದು ತಿಳಿಯುವುದು ಹೇಗೆ? ಒಬ್ಬರೇ ಕೂತು ಯೋಚಿಸಿದರೆ ಸಾಲದು ಎನ್ನುತ್ತೇನೆ. ಮೊದಲು ಸಭೆಯ ಕೊರತೆಯನ್ನು ನೋಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಆಹಾರ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಆ ಕೊರತೆಯಿಂದಲೇ ಏಳು ಮಂದಿಯ ಸೇವೆ ಹುಟ್ಟಿತು. ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಆಗಿವೆ, ಗಮನಿಸಿ. ಕೊರತೆಯನ್ನು ಹತ್ತಿರದಿಂದ ಬಲ್ಲವರ ಕೈಗೇ ಕೆಲಸ ಹೋಯಿತು. ನೀವು ಹಿಂದೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವರಾದರೆ, ರೋಗಿಯ ಪಕ್ಕ ಹೇಗೆ ಕೂರಬೇಕೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದೂ ಮುಖ್ಯ. ನಮಗೆ ಸಲೀಸಾಗಿ ಬರುವುದನ್ನು ನಾವು ವರವೆಂದು ಎಣಿಸುವುದೇ ಇಲ್ಲ. “ನೀವು ಮನೆಗೆ ಬಂದು ಹೋದ ಮೇಲೆ ಅಮ್ಮ ಎರಡು ದಿನ ಖುಷಿಯಾಗಿದ್ದರು” ಎಂದು ಯಾರಾದರೂ ಅಂದರೆ ಅದನ್ನು ಬರೆದಿಟ್ಟುಕೊಳ್ಳಿ.

ಭಯದ ಬಗ್ಗೆಯೂ ಹೇಳಬೇಕು. ತಲಾಂತುಗಳ ಸಾಮ್ಯದಲ್ಲಿ ಮೂರನೆಯ ಆಳು ಹಣವನ್ನು ಹೂತಿಟ್ಟದ್ದು ಹೆದರಿಕೆಯಿಂದ. ಅವನಿಗೆ ಸಿಕ್ಕಿದ್ದು ಅಲ್ಪವೇನಲ್ಲ. ಒಂದು ತಲಾಂತೆಂದರೆ ಆ ಕಾಲದ ಕೂಲಿಯಾಳು ಇಪ್ಪತ್ತು ವರ್ಷದಷ್ಟು ದುಡಿದು ಗಳಿಸುವ ಮೊತ್ತ. ಪಕ್ಕದವನಿಗೆ ಐದು ಸಿಕ್ಕಿದೆಯೆಂದ ಮಾತ್ರಕ್ಕೆ ಒಂದು ಚಿಕ್ಕದಾಗುವುದಿಲ್ಲ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನೋ ಸ್ತ್ರೀಯರ ಕೂಟದ ಅಕ್ಕನನ್ನೋ ಕಂಡು, ಮಾಡಬಲ್ಲ ಒಂದೇ ಒಂದು ಕೆಲಸವನ್ನು ಕೇಳಿ ಪಡೆಯಿರಿ. ಮೂರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ. ಅವಧಿ ಮುಗಿದಾಗ ಅವರೊಡನೆ ಕೂತು ಮಾತಾಡಿ. ಹೊಂದದಿದ್ದರೆ ಸಂಕೋಚವಿಲ್ಲದೆ ಬಿಟ್ಟು ಬೇರೊಂದನ್ನು ಹಿಡಿಯಿರಿ. ಹೊಂದಿದರೆ, ಬೆಚಲೇಲನ ಹಾಗೆ, ಕಲಿಸಿಕೊಡಲು ಒಬ್ಬ ಚಿಕ್ಕವರನ್ನು ಜೊತೆಗೆ ಕರೆದುಕೊಳ್ಳಿ.