ಹಿಮಸಾಗರದ ತಳವನ್ನು ಕೊರೆಯುವುದು ಹೇಗೆ?

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬೆದ್ದಲು ಹೊಲಗಳಲ್ಲಿ ಕೊಳವೆ ಬಾವಿ ಕೊರೆಯುವುದನ್ನು ಕಾಣದ ವಿದ್ಯಾರ್ಥಿಗಳು ವಿರಳ. ನೀರು ದೊರೆಯದೆ ಹೋದರೆ ರೈತನಿಗೆ ಉಳಿಯುವುದು ಸಾಲವೊಂದೇ. ಆದುದರಿಂದ ಎಲ್ಲಿ ಕೊರೆಯಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ಅವನು ಮೊದಲೇ ಆಲೋಚಿಸುತ್ತಾನೆ. ಇದೇ ಕಾರ್ಯವನ್ನು ಉತ್ತರ ಧ್ರುವದ ಸಮೀಪದಲ್ಲಿ, ಒಂದು ಕಿಲೋಮೀಟರಿಗೂ ಮಿಗಿಲಾದ ನೀರಿನ ಕೆಳಗೆ, ಚಲಿಸುತ್ತಿರುವ ಹಿಮದ ನಡುವೆ ಮಾಡಬೇಕಾದರೆ? 2004ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ವಿಜ್ಞಾನಿಗಳು ಆರ್ಕ್‌ಟಿಕ್ ಸಾಗರದಲ್ಲಿ ಇದನ್ನು ಸಾಧಿಸಿದರು.

ಸಾಗರದ ತಳಕ್ಕೆ ಧೂಳು, ಪರಾಗ, ಸೂಕ್ಷ್ಮಜೀವಿಗಳ ಚಿಪ್ಪು ಇವು ಸದಾ ಇಳಿಯುತ್ತಿರುತ್ತವೆ. ಪದರದ ಮೇಲೆ ಪದರ ಕೂಡಿ ಕೆಸರು ಬೆಳೆಯುತ್ತದೆ. ಕೆಳಗೆ ಹೋದಷ್ಟೂ ಕಾಲವು ಹಿಂದೆ ಸರಿಯುತ್ತದೆ.

ಮೊದಲನೆಯ ಪ್ರಶ್ನೆ, ಸ್ಥಳದ ಆಯ್ಕೆ. ಲೊಮೊನೊಸೊವ್ ಎಂಬ ಸಾಗರಾಂತರ್ಗತ ಪರ್ವತಶ್ರೇಣಿಯು ಸುತ್ತಲಿನ ತಳಕ್ಕಿಂತ ಎತ್ತರವಾಗಿದೆ. ಇಳಿಜಾರುಗಳಿಂದ ಕುಸಿದು ಹರಿಯುವ ಕೆಸರು ಅದರ ನೆತ್ತಿಯನ್ನು ಮುಟ್ಟದು. ಮೇಲಿನಿಂದ ಮೆಲ್ಲನೆ ಇಳಿದುದು ಮಾತ್ರ ಅಲ್ಲಿ ನೆಲಸುತ್ತದೆ. 1991ರಲ್ಲಿ ಜರ್ಮನಿಯ ಪೋಲಾರ್‌ಷ್ಟೆರ್ನ್ ನೌಕೆಯು ಧ್ವನಿತರಂಗಗಳನ್ನು ಕಳುಹಿಸಿ ಈ ಪದರಗಳನ್ನು ಗುರುತಿಸಿತ್ತು. ಕೆಸರಿನಲ್ಲಿ ಧ್ವನಿಯ ವೇಗವು ಸೆಕೆಂಡಿಗೆ 1,700 ಮೀಟರ್ ಎಂದಿಟ್ಟುಕೊಂಡರೆ, 425 ಮೀಟರ್ ದಪ್ಪದ ಕೆಸರನ್ನು ಹೊಕ್ಕು ಮರಳಲು ತರಂಗಕ್ಕೆ ಅರ್ಧ ಸೆಕೆಂಡು ಬೇಕು. ಹೀಗೆ ಗಡಿಯಾರವೇ ಅಳತೆಗೋಲಾಗುತ್ತದೆ.

ಎರಡನೆಯದು, ಕೊರೆಯುವ ವಿಧಾನ. ನಮ್ಮ ಹೊಲದಲ್ಲಿ ಕಲ್ಲು ಪುಡಿಯಾಗಿ ಮೇಲೆ ಹಾರುತ್ತದೆ. ಇಲ್ಲಿಯಾದರೋ ಪುಡಿಯಿಂದ ಪ್ರಯೋಜನವಿಲ್ಲ. ಪದರಗಳ ಕ್ರಮವು ಕೆಡಬಾರದು. ಆದುದರಿಂದ ಟೊಳ್ಳಾದ ಕೊಳವೆಯನ್ನು ಇಳಿಸಿ ಕೆಸರನ್ನು ಇಡಿಯ ಸ್ತಂಭವಾಗಿಯೇ ಮೇಲೆತ್ತುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದುದು: ನೌಕೆಯನ್ನು ಕದಲದಂತೆ ನಿಲ್ಲಿಸುವುದು. ಸಾಗರದ ಆಳ 1,250 ಮೀಟರ್ ಇರಲಿ. ನೌಕೆಯು 75 ಮೀಟರ್ ಸರಿದರೆ ಕೊಳವೆಯು ಸುಮಾರು ಮೂರೂವರೆ ಡಿಗ್ರಿ ವಾಲುತ್ತದೆ; ಇನ್ನೂ ಸರಿದಂತೆ ಅದು ಮುರಿಯುವ ಅಪಾಯವು ಹೆಚ್ಚುತ್ತದೆ. ಹಿಮವು ಗಂಟೆಗೆ 500 ಮೀಟರ್ ಚಲಿಸುತ್ತ ನೌಕೆಯನ್ನು ತಳ್ಳಿದರೆ ಅಷ್ಟು ದೂರ ಸರಿಯಲು ಒಂಬತ್ತೇ ನಿಮಿಷ ಸಾಕು! ಆದುದರಿಂದ ಯೋಜಕರು ಒಂದರ ಬದಲು ಮೂರು ನೌಕೆಗಳನ್ನು ಕಳುಹಿಸಿದರು. ರಷ್ಯದ ಅಣುಶಕ್ತಿಚಾಲಿತ ಸೋವೆಟ್ಸ್ಕಿ ಸೋಯೂಸ್ ಮುಂದೆ ನಿಂತು ದೊಡ್ಡ ಹಿಮಫಲಕಗಳನ್ನು ಒಡೆಯಿತು. ಸ್ವೀಡನ್ನಿನ ಓಡೆನ್ ಆ ತುಂಡುಗಳನ್ನು ಮತ್ತಷ್ಟು ಚೂರುಮಾಡಿತು. ಇವೆರಡರ ರಕ್ಷಣೆಯಲ್ಲಿ ವಿಡಾರ್ ವೈಕಿಂಗ್ ನಿಂತು ಕೊರೆಯಿತು. ಧ್ರುವದಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿ, ತಳದಿಂದ 428 ಮೀಟರ್ ಕೆಳಗಿನವರೆಗೂ ಕೊಳವೆ ಇಳಿಯಿತು.

ಮೇಲೆ ಬಂದುದೇನು? ಸುಮಾರು 4 ಕೋಟಿ 90 ಲಕ್ಷ ವರ್ಷಗಳ ಹಿಂದಿನ ಪದರದಲ್ಲಿ ಅಜೋಲ್ಲಾ ಸಸ್ಯದ ಅವಶೇಷಗಳು ಹೇರಳವಾಗಿದ್ದವು. ಭತ್ತದ ನಾಡಾದ ಗಂಗಾವತಿಯ ಓದುಗರಿಗೆ ಈ ಹೆಸರು ಅಪರಿಚಿತವಲ್ಲ. ಗದ್ದೆಯ ನೀರಿನ ಮೇಲೆ ತೇಲುತ್ತ, ಗಾಳಿಯ ಸಾರಜನಕವನ್ನು ಬೆಳೆಗೆ ಒದಗಿಸುವ ಪುಟ್ಟ ಜರೀಗಿಡವದು. ಅದು ಸಿಹಿನೀರಿನ ಸಸ್ಯ. ಅಂದಮೇಲೆ, ಇಂದು ಹಿಮ ಕವಿದಿರುವ ಆ ಸಾಗರದ ಮೇಲ್ಮೈ ಅಂದು ಬೆಚ್ಚಗಿದ್ದು, ಆಗಾಗಲಾದರೂ ಸಿಹಿನೀರಿನಿಂದ ಆವೃತವಾಗಿರಬೇಕು!

ಆದರೆ ಈ ಗ್ರಂಥದಲ್ಲಿ ಕೆಲವು ಪುಟಗಳಿಲ್ಲ. ಮೊದಲ ಗಣನೆಯಂತೆ ಸುಮಾರು 2 ಕೋಟಿ 60 ಲಕ್ಷ ವರ್ಷಗಳ ಕೆಸರು ಅಲ್ಲಿ ಕಾಣೆಯಾಗಿತ್ತು. ಈ ಗಣನೆಯ ಬಗೆಗೆ ಬಳಿಕ ಭಿನ್ನಾಭಿಪ್ರಾಯಗಳೂ ಬಂದವು. ಬೆಚ್ಚನೆಯ ಭೂಮಿಯು ಹಿಮದ ಭೂಮಿಯಾದ ಕಥೆಯ ಬಹುಭಾಗ ಆ ಪುಟಗಳಲ್ಲಿಯೇ ಇತ್ತು. ಅವುಗಳನ್ನು ಅರಸಲು 2022ಕ್ಕೆ ಗೊತ್ತುಮಾಡಿದ್ದ ಯಾತ್ರೆಯು ಯುಕ್ರೇನ್ ಯುದ್ಧದ ಕಾರಣದಿಂದ ಹೊರಡಲಿಲ್ಲ. ಹಿಮವನ್ನು ಒಡೆಯಲು ರಷ್ಯದ ನೌಕೆಯ ನೆರವು ಬೇಕಾಗಿದ್ದಿತು.

ಭೂಮಿಯು ಮತ್ತೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಪುಟಗಳು ನಮಗೆ ಅವಶ್ಯವಾಗಿವೆ. ಅವುಗಳನ್ನು ಓದಲು ಯಂತ್ರಬಲವೊಂದೇ ಸಾಲದು. ರಾಷ್ಟ್ರಗಳ ನಡುವೆ ಶಾಂತಿಯೂ ಬೇಕು.