ಕಾರ್ಖಾನೆಯ ಹೊಲಸುನೀರು: ಮಾದರಿ ಹಿಡಿಯುವ ಕ್ರಮ

ಹೊಳೆಯ ನೀರು ಕೆಟ್ಟಿದೆಯೆಂದು ಹೇಳುವುದು ಸುಲಭ. ಎಲ್ಲಿ ಕೆಟ್ಟಿತು, ಯಾವ ಹೊತ್ತಿನಲ್ಲಿ ಕೆಟ್ಟಿತು, ಎಷ್ಟು ಕೆಟ್ಟಿತು ಎಂಬುದನ್ನು ತೋರಿಸಿಕೊಡುವುದು ಬೇರೆಯ ಕೆಲಸ. ಈ ಎರಡನೆಯ ಕೆಲಸ ನಡೆಯದಿದ್ದರೆ ಪೈರು ಕಳೆದುಕೊಂಡ ರೈತನ ದೂರು ಬರಿಯ ಗೋಳಾಗಿ ಉಳಿಯುತ್ತದೆ. ಆದುದರಿಂದ ಮಾದರಿ ಹಿಡಿಯುವ ಕ್ರಮವನ್ನು ನಾವು ತಿಳಿದಿರುವುದು ಒಳ್ಳೆಯದು.

ಹೊಸೂರು ಸೀಮೆಯ ದಕ್ಷಿಣ ಪಿನಾಕಿನಿಯನ್ನೇ ನೋಡೋಣ. ನಂದಿಬೆಟ್ಟದ ಕಡೆ ಹುಟ್ಟುವ ಈ ಹೊಳೆ, ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದುಬರುವ ನೀರನ್ನೂ ಕೂಡಿಸಿಕೊಂಡು, ಗಡಿ ದಾಟಿ ಕೆಲವರಪಳ್ಳಿ ಅಣೆಕಟ್ಟಿಗೆ ಸೇರುತ್ತದೆ. ಈಚಿನ ವರ್ಷಗಳಲ್ಲಿ ಅಣೆಯಿಂದ ನೀರು ಬಿಟ್ಟಾಗ ನೊರೆ ರಾಶಿರಾಶಿಯಾಗಿ ಏಳುವುದನ್ನು ಜನರು ಮತ್ತೆ ಮತ್ತೆ ಕಂಡಿದ್ದಾರೆ. ಸಾಬೂನುಪುಡಿ ಬೆರೆತ ಮನೆಗಳ ಕೊಳಚೆಯೂ ನೊರೆಯೇಳಿಸುತ್ತದೆ. ಕಾರ್ಖಾನೆಯ ನೀರೂ ನೊರೆಯೇಳಿಸಬಲ್ಲದು. ನೊರೆಯ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಅದನ್ನು ತಿಳಿಸುವುದು ಪರೀಕ್ಷೆಯೇ.

ಎಲ್ಲಿ ಹಿಡಿಯಬೇಕು?

ಮೂರು ಕಡೆ ಹಿಡಿಯಬೇಕು. ಒಂದು, ಮೋರಿ ಹೊಳೆಗೆ ಸೇರುವ ಜಾಗಕ್ಕಿಂತ ಮೇಲೆ. ಎರಡು, ಮೋರಿಯ ಬಾಯಲ್ಲಿ, ಹೊಳೆಯ ನೀರು ಬೆರೆಯುವ ಮೊದಲು. ಮೂರು, ಕೆಳಗಡೆ, ಎರಡೂ ನೀರು ಚೆನ್ನಾಗಿ ಬೆರೆತ ಮೇಲೆ. ಸೇರಿದೊಡನೆ ಹೊಲಸುನೀರು ಒಂದೇ ದಡವನ್ನು ಹಿಡಿದು ಹರಿಯುವುದುಂಟು. ಅಲ್ಲಿ ತುಂಬಿದ ಸೀಸೆ ನಿಜ ಹೇಳುವುದಿಲ್ಲ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವೇ ಆ ಮೋರಿ ಕೂಡಿಸಿದ ಪಾಲು. ಎರಡು ರಾಜ್ಯಗಳ ಹೊಳೆಯಾದರೆ ಗಡಿಯಲ್ಲಿ ಒಂದು ಮಾದರಿ ಅವಶ್ಯ. ಮೇಲಿನಿಂದ ಬಂದುದೆಷ್ಟು, ಇಲ್ಲಿ ಸೇರಿದುದೆಷ್ಟು ಎಂಬುದು ಆಗ ಬೇರೆಯಾಗುತ್ತದೆ.

ಯಾವಾಗ ಹಿಡಿಯಬೇಕು?

ಕಾರ್ಖಾನೆಯ ಮೋರಿ ದಿನವೆಲ್ಲ ಒಂದೇ ಬಗೆಯಾಗಿ ಹರಿಯುವುದಿಲ್ಲ. ಬಣ್ಣದ ತೊಟ್ಟಿ ತೊಳೆದಾಗ ಒಂದು ಬಗೆ, ಮಿಕ್ಕ ಹೊತ್ತು ಇನ್ನೊಂದು ಬಗೆ. ಒಮ್ಮೆ ತುಂಬಿದ ಸೀಸೆ ಆ ಗಳಿಗೆಯದನ್ನು ಮಾತ್ರ ಹೇಳುತ್ತದೆ. ಅದಕ್ಕಾಗಿ 24 ಗಂಟೆಗಳ ಕಾಲ ಗಂಟೆಗೊಮ್ಮೆ, ನೀರು ಹೆಚ್ಚಿದ್ದಾಗ ಹೆಚ್ಚಾಗಿ, ಕಡಿಮೆಯಿದ್ದಾಗ ಕಡಿಮೆಯಾಗಿ ಹಿಡಿದು ಬೆರೆಸುತ್ತಾರೆ. ಇದು ಕೂಡು ಮಾದರಿ. ಆದರೆ ಅರ್ಧ ಗಂಟೆ ಹರಿದು ಮೀನು ಸಾಯಿಸಿದ ಆಮ್ಲ ಕೂಡು ಮಾದರಿಯಲ್ಲಿ ಅಡಗಿಹೋಗಬಹುದು. ಎರಡೂ ಬಗೆ ಬೇಕು.

ಸೀಸೆಯ ವಿಷಯ

ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ನಡುಹರಿವಿನಲ್ಲಿ, ಮೇಲಿನ ಕೆನೆ ಬಿಟ್ಟು, ಸುಮಾರು ಒಂದಡಿ ಆಳದಲ್ಲಿ, ಬಾಯಿ ಹರಿವಿಗೆ ಎದುರಾಗಿ ಹಿಡಿದು ತುಂಬತಕ್ಕದ್ದು. ಎಣ್ಣೆ, ಜಿಡ್ಡಿನ ಪರೀಕ್ಷೆಗೆ ಗಾಜಿನ ಸೀಸೆಯೇ ಬೇಕು. ಅದನ್ನು ಹೀಗೆ ತೊಳೆಯಬಾರದು, ಜಿಡ್ಡು ಗಾಜಿಗೆ ಅಂಟಿಕೊಳ್ಳುತ್ತದೆ. ಸೀಸ, ಕ್ರೋಮಿಯಂ ಮುಂತಾದ ಲೋಹಗಳ ಪರೀಕ್ಷೆಗೆ ನೈಟ್ರಿಕ್ ಆಮ್ಲ ಹಾಕಿದ ಪ್ಲಾಸ್ಟಿಕ್ ಸೀಸೆಯನ್ನು ಪ್ರಯೋಗಶಾಲೆಯಿಂದಲೇ ತರಬೇಕು. ಬಿಸಿ ಮತ್ತು ಪಿಎಚ್ ಅನ್ನು ಅಲ್ಲಿಯೇ ಅಳೆಯಬೇಕು.

ಕೊಳೆಯುವ ಪದಾರ್ಥವನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆಗೆ ಬಿಓಡಿ ಎನ್ನುತ್ತಾರೆ. ಈ ಸೀಸೆಯನ್ನು ಬೆಳಕು ತಾಗದಂತೆ ಮಂಜುಗಡ್ಡೆಯಲ್ಲಿಟ್ಟು 24 ಗಂಟೆಯೊಳಗೆ ಮುಟ್ಟಿಸಬೇಕು. ತಡವಾದರೆ ಜೀವಿಗಳು ದಾರಿಯಲ್ಲೇ ತಿಂದು ಮುಗಿಸುತ್ತವೆ. ಹೊಲಸುನೀರು ಕಾಗದದ ಮೇಲೆ ಶುದ್ಧವಾಗಿಬಿಡುತ್ತದೆ.

ನೀರೆಷ್ಟು ಹರಿಯಿತು?

1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಟ್ಟದಂತೆ, ಹೊಳೆಗೆ ಬಿಡುವ ನೀರಿನ ಬಿಓಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ನೀರಾವರಿಗೆಂದು ಭೂಮಿಗೆ ಬಿಡುವುದಾದರೆ 100. ಪಿಎಚ್ 5.5ರಿಂದ 9ರೊಳಗಿರಬೇಕು. ಆದರೆ ಅಂಕೆಯೊಂದೇ ಸಾಲದು. ಹತ್ತು ಲೀಟರಿನ ಬಕೆಟ್ಟು 5 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರು, ದಿನಕ್ಕೆ 1,72,800 ಲೀಟರು. ಬಿಓಡಿ 60 ಇದ್ದರೆ ದಿನದ ಹೊರೆ 10 ಕಿಲೋಗ್ರಾಂಗಿಂತ ಹೆಚ್ಚು. ಅಷ್ಟೇ ಒಳ್ಳೆಯ ನೀರನ್ನು ಬೆರೆಸಿದರೆ ಅಂಕೆ 30ಕ್ಕೆ ಇಳಿಯುತ್ತದೆ. ಹೊಳೆಗೆ ಸೇರುವ ಹೊಲಸು ಮಾತ್ರ ಅದೇ 10 ಕಿಲೋಗ್ರಾಂ. ಹಾಲಿಗೆ ನೀರು ಬೆರೆಸುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿದೆಯ ಮಾತು

1974ರ ಜಲಮಾಲಿನ್ಯ ಕಾಯಿದೆಯ 21ನೆಯ ಕಲಮಿನಂತೆ ಮಂಡಲಿಯ ಅಧಿಕಾರಿ ಕಾರ್ಖಾನೆಯವರಿಗೆ ಸ್ಥಳದಲ್ಲೇ ನೋಟೀಸು ಕೊಟ್ಟು, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ರುಜು ಮಾಡಬೇಕು. ನಾವು ತುಂಬಿದ ಸೀಸೆ ಈ ಮಾದರಿಗೆ ಸಮನಾಗಲಾರದು. ಬಹು ಮಲಿನ ಉದ್ಯಮಗಳ 17 ವರ್ಗಗಳು ಮೋರಿಯ ಬಾಯಲ್ಲಿ ಸದಾ ಅಳೆಯುವ ಯಂತ್ರ ಇಡಬೇಕೆಂದು 2014ರಲ್ಲಿ ಕೇಂದ್ರ ಮಂಡಲಿ ನಿರ್ದೇಶಿಸಿತು. ಆ ಯಂತ್ರ ತನ್ನ ಮುಂದೆ ಹರಿದ ನೀರನ್ನು ಮಾತ್ರ ಕಾಣುತ್ತದೆ. ಬೇರೆ ದಾರಿಯಿಂದ ಹೋದುದನ್ನು ಕಾಣದು.

ಹಾಗಾದರೆ ನಮ್ಮ ಕೆಲಸವೇನು? ಅಧಿಕಾರಿ ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಬರುವಂತೆ ಮಾಡುವುದು. ಊರಿಗೊಂದು ಪುಸ್ತಕವಿಟ್ಟು ತಾರೀಖು, ಗಂಟೆ, ಜಾಗ, ಬಣ್ಣ, ವಾಸನೆ, ಸತ್ತ ಮೀನು, ಹಿಂದಿನ ದಿನದ ಮಳೆ, ಇಷ್ಟನ್ನು ಬರೆದು ಇಬ್ಬರು ರುಜು ಹಾಕಲಿ. ಏನೂ ಕಾಣದ ದಿನವನ್ನೂ ಬರೆಯಬೇಕು. ಕೆಲವು ವಾರಗಳಲ್ಲಿ ಹೊಲಸು ಬರುವ ಹೊತ್ತು ತಾನಾಗಿ ಕಾಣಿಸಿಕೊಂಡೀತು. ಹೊಲಸುನೀರಿಗೆ ಬರಿಗೈ ಹಾಕಬೇಡಿ, ಮಕ್ಕಳನ್ನು ಕಳುಹಿಸಬೇಡಿ, ಕಾರ್ಖಾನೆಯ ಆವರಣಕ್ಕೆ ಹೊಕ್ಕಬೇಡಿ.

ಹೊಸೂರಿನವರು ಈ ಪುಸ್ತಕದ ಪ್ರತಿಯನ್ನು ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಲಿಗೆ ಕೊಡತಕ್ಕದ್ದು. ಹೊಲಸು ಗಡಿಯಾಚೆಯಿಂದ ಬರುವುದಾದರೆ ಕರ್ನಾಟಕದ ಮಂಡಲಿಗೂ ಕಳುಹಿಸಬೇಕು. ರಾಜ್ಯ ಮಂಡಲಿಗಳ ನಡುವಣ ವಿವಾದವನ್ನು ಬಗೆಹರಿಸುವುದು ಅದೇ ಕಾಯಿದೆಯಂತೆ ಕೇಂದ್ರ ಮಂಡಲಿಯ ಕರ್ತವ್ಯ. ಹೊಳೆ ಎರಡು ರಾಜ್ಯಗಳದಾದರೂ ಅದರ ನೀರು ಬೀಳುವ ಹೊಲ ನಮ್ಮದು. ಪುಸ್ತಕವನ್ನು ಇಂದೇ ತೆರೆಯೋಣ.